ಇಂಜಿನ್ನಿನೊಳಗಿನ ಬಿಸಿ ದಾರಿ



ಇಂಜೆಕ್ಷನ್ ಕೊಡುವ ಮೊದಲು ನರ್ಸಕ್ಕ ತೋಳಿಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುತ್ತದಲ್ಲವೇ? ಸ್ಪಿರಿಟ್ ಆವಿಯಾಗುವಾಗ ನಮ್ಮ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಪೆಟ್ರೋಲೂ ಹಾಗೇನೇ. ಕಾರ್ಬುರೇಟರಿನಲ್ಲಿ ಪೆಟ್ರೋಲು ಗಾಳಿಗೆ ಬೆರೆತು ಆವಿಯಾಗುವಾಗ ಬಹಳ ತಂಪಾಗುತ್ತದೆ. ಚಳಿಯೂ ತೇವವೂ ಇರುವ ಕಡೆ ಅದರೊಳಗೆ ಮಂಜುಗಡ್ಡೆಯೇ ಕಟ್ಟುವುದುಂಟು! ಪೆಟ್ರೋಲು ಆವಿಯಾಗದೆ ಹನಿಯಾಗಿಯೇ ಉಳಿದರೆ ಸರಿಯಾಗಿ ಉರಿಯುವುದಿಲ್ಲ. ಇಂಜಿನ್ ಕೆಮ್ಮಿ ಕೆಮ್ಮಿ ನಿಂತುಬಿಡುತ್ತದೆ.

ಇದಕ್ಕೆ ಅಮೆರಿಕದವರು ಒಂದು ಉಪಾಯ ಮಾಡಿದರು. ಷೆವ್ರೊಲೆ ಕಂಪನಿ 1955ರಲ್ಲಿ ತಂದ 8 ಸಿಲಿಂಡರಿನ ಇಂಜಿನ್ನನ್ನೇ ನೋಡಿ. (ಚಿತ್ರ ಪಕ್ಕದಲ್ಲಿ ಬಿಡಿಸಿದ್ದೇನೆ.) ಇಂಗ್ಲಿಷಿನ ವಿ ಅಕ್ಷರದ ಹಾಗೆ ಎರಡು ಸಾಲು, ಒಂದೊಂದು ಸಾಲಿಗೆ 4 ಸಿಲಿಂಡರು. ನಡುವೆ ಇನ್‌ಟೇಕ್ ಮ್ಯಾನಿಫೋಲ್ಡ್, ಅದರ ಮೇಲೆ ಕಾರ್ಬುರೇಟರ್. ಸೈಲೆನ್ಸರಿಗೆ ಹೋಗಬೇಕಾದ ಬಿಸಿ ಹೊಗೆಯಲ್ಲಿ ಸ್ವಲ್ಪ ಭಾಗ ಸಿಲಿಂಡರ್ ಹೆಡ್ಡಿನ ಮಧ್ಯದ ತೂತಿನಿಂದ ಹೊರಟು, ಕಾರ್ಬುರೇಟರಿನ ಕೆಳಗೆ ಹಾದು, ಆಚೆ ಸಾಲಿನ ಹೆಡ್ಡಿಗೆ ಹೋಗುತ್ತದೆ. ಹೊಗೆ ಪೆಟ್ರೋಲಿಗೆ ಸೇರುವುದಿಲ್ಲ. ಬಚ್ಚಲೊಲೆಯ ಬೆಂಕಿ ನೀರಿಗೆ ತಾಗದೆಯೇ ಹಂಡೆ ಕಾಯುತ್ತದಲ್ಲ, ಹಾಗೆ.

ಇಷ್ಟು ಒಳ್ಳೆಯ ದಾರಿಯನ್ನು ಕೆಲವರು ಬೇಕಂತಲೇ ಮುಚ್ಚುತ್ತಾರೆ. ಏಕೆಂದರೆ ಬಿಸಿಯಾದ ಗಾಳಿ ಹಿಗ್ಗುತ್ತದೆ. 27 ಡಿಗ್ರಿಯ 10 ಲೀಟರ್ ಗಾಳಿ 57 ಡಿಗ್ರಿಗೆ ಕಾದರೆ 11 ಲೀಟರ್ ಆಗುತ್ತದೆ. ಸಿಲಿಂಡರು ಮಾತ್ರ ಅಷ್ಟೇ ದೊಡ್ಡದು! ಹಾಗಾಗಿ ಒಳಗೆ ಹೋಗುವ ಗಾಳಿ ಕಡಿಮೆ, ಶಕ್ತಿಯೂ ಕಡಿಮೆ. ರೇಸಿನವರು ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವೆ ಗ್ಯಾಸ್ಕೆಟ್ ಕೂರಿಸುವಾಗ ತೂತಿಗೆ ತೆಳ್ಳನೆಯ ಸ್ಟೀಲ್ ತಗಡು ಇಡುತ್ತಾರೆ. ಕೆಲವರು ಅಲ್ಯೂಮಿನಿಯಂ ಕರಗಿಸಿ ಹೊಯ್ದುಬಿಡುತ್ತಾರೆ. ಆಮೇಲೆ ತೆಗೆಯೋದು ಕಷ್ಟ. ನನಗೇನೋ ತಗಡೇ ವಾಸಿ ಅನ್ನಿಸುತ್ತದೆ.

ಬೆಂಗಳೂರಿನ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ ನಮ್ಮ ಮಾವನ ಕೈಗೆ ಇಂಥದೇ ಇಂಜಿನ್ನಿನ ಹಳೇ ಕಾರು ಬಂದಿತ್ತು. ಬೇಸಿಗೆಯಲ್ಲಿ ಕಾರ್ಬುರೇಟರಿನ ಪೆಟ್ರೋಲು ಕುದಿದು ಕಾರು ದಾರಿಯಲ್ಲೇ ನಿಲ್ಲುತ್ತಿತ್ತು. ಮಾವ ತಗಡು ಹಾಕಿದರು. ಕಾರು ಚೆನ್ನಾಗಿ ಓಡಿತು. ಡಿಸೆಂಬರಿನಲ್ಲಿ ಓನರು ವಾಪಸ್ ಬಂದರು. ಬೆಳಿಗ್ಗೆ ಹೊತ್ತು ಕಪ್ಪು ಹೊಗೆ, ಪೆಟ್ರೋಲೂ ಸಿಕ್ಕಾಪಟ್ಟೆ ಕುಡಿಯುತ್ತೆ ಅಂತ ಬೈದರಂತೆ. ಮಾವ ಎರಡು ದಿನ ಕಾರ್ಬುರೇಟರ್ ಬಿಚ್ಚಿ ತೊಳೆದದ್ದೇ ತೊಳೆದದ್ದು. ತಪ್ಪು ಅಲ್ಲಿರಲೇ ಇಲ್ಲ. ಆ ಕಾರಿನ ಚೋಕು ತೆರೆಯುವ ಸ್ಪ್ರಿಂಗು ಕಾಯುತ್ತಿದ್ದದ್ದು ಅದೇ ಬಿಸಿ ದಾರಿಯಿಂದ! ದಾರಿ ಮುಚ್ಚಿದ್ದರಿಂದ ಸ್ಪ್ರಿಂಗಿಗೆ ಶಾಖವಿಲ್ಲ, ಚೋಕು ಮುಚ್ಚಿಕೊಂಡೇ ಇತ್ತು.

“ಒಂದು ತೂತು ಮುಚ್ಚುವಾಗ ಅದು ಇನ್ನೇನು ಕೆಲಸ ಮಾಡ್ತಿತ್ತು ಅಂತ ನಾನು ನೋಡ್ಲಿಲ್ಲ ಕಣೋ” ಅಂದರು ಮಾವ, ಸಂಕ್ರಾಂತಿಗೆ ಊರಿಗೆ ಬಂದಾಗ. ತಗಡು ತೆಗೆಯಲಿಲ್ಲ, ಬ್ಯಾಟರಿಯಿಂದ ಕಾಯುವ ಚೋಕು ಹಾಕಿದರಂತೆ. ಆದರೂ ಚಳಿಯ ಬೆಳಿಗ್ಗೆ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಕಾದೇ ಹೊರಡಬೇಕಂತೆ.

— 7ನೇ ತರಗತಿ