ಉಪವಾಸವೂ ದೇಹದ ಉಗ್ರಾಣವೂ

ಪ್ರೋಷಧೋಪವಾಸದಂದು ಶ್ರಾವಕನು ಚತುರ್ವಿಧಾಹಾರವನ್ನು ತ್ಯಜಿಸಿದರೂ ದೇಹದ ಕಾರ್ಯವು ನಿಲ್ಲುವುದಿಲ್ಲ. ಉಂಡ ಅನ್ನದ ಪಿಷ್ಟವು ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಮಿಕ್ಕುದರಲ್ಲಿ ಸುಮಾರು 100 ಗ್ರಾಂ ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗುತ್ತದೆ. ಒಂದು ದಿನದ ಉಪವಾಸದಲ್ಲಿ ಇದು ಬಹುಮಟ್ಟಿಗೆ ವ್ಯಯವಾಗಿ, ಅನಂತರ ದೇಹವು ಮುಖ್ಯವಾಗಿ ಕೊಬ್ಬನ್ನು ಆಶ್ರಯಿಸುತ್ತದೆ.

ಆದರೆ ನೀರಿಗೆ ಇಂತಹ ಉಗ್ರಾಣವಿಲ್ಲ. ಉಸಿರು, ಬೆವರು, ಮೂತ್ರಗಳ ಮೂಲಕ ಅದು ಎಡೆಬಿಡದೆ ಹೋಗುತ್ತಲೇ ಇರುತ್ತದೆ. ಆದುದರಿಂದ ವೃದ್ಧರಿಗೂ ರೋಗಿಗಳಿಗೂ ನಿರ್ಜಲ ಉಪವಾಸವು ಅಪಾಯಕರವಾಗಬಹುದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆಯು ಅತಿಯಾಗಿ ಇಳಿಯಬಹುದು; ಅಂಥವರು ವೈದ್ಯರನ್ನು ಕೇಳಿಯೇ ನಿಯಮವನ್ನು ಸ್ವೀಕರಿಸಬೇಕು.

ಪಂಡಿತ ಆಶಾಧರರು 13ನೆಯ ಶತಮಾನದಲ್ಲಿಯೇ ‘ಸಾಗಾರಧರ್ಮಾಮೃತ’ದಲ್ಲಿ, ಉಪವಾಸಕ್ಕೆ ಅಸಮರ್ಥರಾದವರಿಗೆ ನೀರನ್ನು ಮಾತ್ರ ಸ್ವೀಕರಿಸುವ ಅನುಪವಾಸವನ್ನು ಹೇಳಿದ್ದಾರೆ. ವ್ರತದಲ್ಲಿ ಶಕ್ತಿಯನ್ನು ಬಚ್ಚಿಡುವುದೂ ಸಲ್ಲದು, ಮೀರುವುದೂ ಸಲ್ಲದು.