ಹೆಸರು ಮುಚ್ಚಿ ರುಚಿ ನೋಡುವ ಕ್ರಮ

ವೈನ್ ಪರೀಕ್ಷೆಯ ವಿಷಯ ಕಾಫಿ ಬೆಳೆಗಾರರಿಗೇಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಪೂಲ್ ಪದ್ಧತಿ 1996ರಲ್ಲಿ ಪೂರ್ತಿಯಾಗಿ ಕೊನೆಗೊಂಡ ಮೇಲೆ ಮಾರಾಟದ ಹೊಣೆ ನಮ್ಮ ಹೆಗಲಿಗೇ ಬಂದಿದೆ. "ನಿಮ್ಮ ಮಾಲಿನಲ್ಲಿ ವಾಸನೆಯಿದೆ" ಎಂದು ವ್ಯಾಪಾರಿ ದರ ಇಳಿಸಿದರೆ ಉತ್ತರ ಕೊಡಲು ನಮ್ಮ ಕಾಫಿಯ ರುಚಿ ನಮಗೆ ತಿಳಿದಿರಬೇಕಷ್ಟೆ.

1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವರ್ತಕರು ಒಂದು ಪರೀಕ್ಷೆ ಏರ್ಪಡಿಸಿದರು. ಕೆಂಪು ವೈನುಗಳ ಪೈಕಿ ಕ್ಯಾಲಿಫೋರ್ನಿಯಾದ 6, ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ 4 ಇದ್ದವು. ಕ್ಯಾಲಿಫೋರ್ನಿಯಾದವು ಕ್ಯಾಬರ್ನೆ ಸೋವಿನ್ಯೋನ್ ತಳಿಯವು. ಬೋರ್ಡೋದವರು ಅದೇ ತಳಿಗೆ ಮೆರ್ಲೋ ಮುಂತಾದವನ್ನು ಬೆರೆಸುತ್ತಾರೆ. ಹೆಸರು ಕಾಣದಂತೆ ಮಾಡಿ, 9 ಮಂದಿ ಫ್ರೆಂಚ್ ತೀರ್ಪುಗಾರರಿಂದ ತಲಾ 20ಕ್ಕೆ ಅಂಕ ಹಾಕಿಸಲಾಯಿತು. ಮೊದಲ ಸ್ಥಾನ ಸ್ಟ್ಯಾಗ್ಸ್ ಲೀಪ್ ಎಂಬ ಹೊಸ ಸಂಸ್ಥೆಯ 1973ರ ವೈನಿಗೆ, ಎರಡನೆಯದು ಹೆಸರಾಂತ ಮೂಟೋನ್ ರಾತ್‌ಶೀಲ್ಡ್‌ನ 1970ರ ವೈನಿಗೆ ಸಂದಿತು. ಅಂತರ ಅತ್ಯಲ್ಪ. 2006ರಲ್ಲಿ ಅದೇ ಕೆಂಪು ವೈನುಗಳನ್ನು ಪುನಃ ಪರೀಕ್ಷಿಸಿದಾಗ, ಹಿಂದೆ 5ನೆಯದಾಗಿದ್ದ ರಿಡ್ಜ್ ಮೊದಲನೆಯದಾಯಿತು.

ಇದರಿಂದ ನಾವು ಕಲಿಯಬೇಕಾದ್ದು ಎರಡು. ಹೆಸರು ಕಂಡರೆ ನಾಲಗೆ ಹೆಸರಿನ ಮಾತು ಕೇಳುತ್ತದೆ. ಹಾಗೆಂದು ಒಂದೇ ಪರೀಕ್ಷೆ ಕೊನೆಯ ತೀರ್ಪೂ ಅಲ್ಲ.

ನಮ್ಮಲ್ಲಿ ಇದನ್ನು ಹೀಗೆ ಮಾಡಬಹುದು:

1. ಒಂದೇ ತಳಿ, ಉದಾಹರಣೆಗೆ ಎಸ್.795, ನಾಲ್ಕೈದು ತೋಟಗಳಿಂದ ತರಬೇಕು. ತಳಿ ಬೆರೆತರೆ ವ್ಯತ್ಯಾಸ ತಳಿಯದೋ ಸಂಸ್ಕರಣೆಯದೋ ತಿಳಿಯದು.

2. ರುಚಿ ನೋಡದ ಒಬ್ಬರು ಮಾದರಿಗಳಿಗೆ ಸಂಖ್ಯೆ ಹಾಕಿ ಪಟ್ಟಿಯನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕು. ಒಂದು ಮಾದರಿಯನ್ನು ಎರಡು ಸಂಖ್ಯೆಗಳಲ್ಲಿ ಇಡಲಿ. ಅದಕ್ಕೆ ಬಹಳ ಬೇರೆ ಬೇರೆ ಅಂಕ ಕೊಟ್ಟವರ ತೀರ್ಪನ್ನು ನೆಚ್ಚುವಂತಿಲ್ಲ.

3. ಎಲ್ಲವನ್ನೂ ಒಂದೇ ಹದಕ್ಕೆ ಹುರಿದು, ಒಂದೇ ಸಮನಾಗಿ ಪುಡಿ ಮಾಡಬೇಕು. 150 ಮಿ.ಲೀ. ಬಿಸಿನೀರಿಗೆ ಸುಮಾರು 8 ಗ್ರಾಂ ಪುಡಿ. ಚಿಕೋರಿ, ಹಾಲು, ಸಕ್ಕರೆ ಸೇರಿಸಕೂಡದು.

4. 4 ನಿಮಿಷದ ನಂತರ ಮೇಲಿನ ಪದರವನ್ನು ಚಮಚದಿಂದ ಒಡೆದು ಪರಿಮಳ ನೋಡಿ, ತೇಲುವ ಪುಡಿ ತೆಗೆದು, ಬಿಸಿಯಲ್ಲೂ ಆರಿದ ಮೇಲೂ ರುಚಿ ನೋಡಬೇಕು. ದೋಷಗಳು ಆರಿದ ಮೇಲೆ ಹೆಚ್ಚಾಗಿ ತಿಳಿಯುತ್ತವೆ.

5. ಮಾತಾಡದೆ ಅಂಕ ಬರೆದು, ಆಮೇಲೆ ಪಟ್ಟಿ ತೆರೆಯಬೇಕು.

ಹುಳಿತ ವಾಸನೆ ಬಂದರೆ ಹುದುಗು ಅತಿಯಾಗಿತ್ತೇ, ಹಣ್ಣು ಪಲ್ಪ್ ಮಾಡಲು ತಡವಾಯಿತೇ ಎಂದು ನೋಡೋಣ. ಮಣ್ಣು, ಬೂಷ್ಟಿನ ವಾಸನೆಯಾದರೆ ಕಣವನ್ನೂ ಒಣಗಿಸಿದ ರೀತಿಯನ್ನೂ ನೋಡೋಣ. ಕಡಿಮೆ ಅಂಕ ಬಂದ ತೋಟದವರು ಸಂಕೋಚಪಡಬೇಕಾಗಿಲ್ಲ. ಈ ಪರೀಕ್ಷೆಯಿಂದ ಹೆಚ್ಚು ಲಾಭ ಅವರಿಗೇ. ಮಾಲು ಗೇಟು ದಾಟುವ ಮುನ್ನವೇ ದೋಷ ತಿಳಿದರೆ ಮುಂದಿನ ಕೊಯ್ಲಿಗೆ ತಿದ್ದಿಕೊಳ್ಳಬಹುದು. ಮಾಲು ಚೆನ್ನಾಗಿದ್ದರೆ ದರ ಕೇಳಲು ಧೈರ್ಯವೂ ಬರುತ್ತದೆ.