ಹಳೇ ಕಂಪ್ಯೂಟರಿಗೆ ಬಾಡಿಗೆ ಮನೆ ಲೆಕ್ಕ

ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ರಿಪೇರಿ ಅಂಗಡಿಗೆ ಒಂದೇ ನಮೂನೆಯ ಗಿರಾಕಿಗಳು ಬರುತ್ತಾರೆ. ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಧೂಳು ಹಿಡಿದ ಕ್ಯಾಬಿನೆಟ್ಟು, ಹಿಂದೆ ಪರೀಕ್ಷೆ ಮುಗಿಸಿದ ಹುಡುಗ. ಅಪ್ಪ ಹೆಲ್ಮೆಟ್ ತೆಗೆಯುತ್ತಲೇ ಕೇಳುತ್ತಾರೆ: "ಸರ್, ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕಂತೆ. ಎಷ್ಟಾಗುತ್ತೆ?"

ತೊಂದರೆಯೆಲ್ಲ ಆ 'ಅಂತೆ'ಯಲ್ಲೇ ಇದೆ. ಯೂಟ್ಯೂಬಿನವನು ಮಗನಿಗೆ ಹೇಳಿದ, ಮಗ ಅಪ್ಪನಿಗೆ ಹೇಳಿದ, ಅಪ್ಪ ನನಗೆ ಹೇಳುತ್ತಿದ್ದಾರೆ. ಕ್ಯಾಬಿನೆಟ್ಟಿನ ಮುಚ್ಚಳ ಬಿಚ್ಚಿ ಒಳಗೆ ಏನಿದೆಯೆಂದು ಇನ್ನೂ ಯಾರೂ ನೋಡಿಲ್ಲ.

ಹಾಗೆ ಬಂದ ಒಂದು ಯಂತ್ರದ ಕಥೆ ಹೇಳುತ್ತೇನೆ. ನಿಮ್ಮ ಮನೆಯದ್ದೂ ಹೆಚ್ಚುಕಡಿಮೆ ಅದೇ ಇರಬಹುದು. 2014ರಲ್ಲಿ ಕೊಂಡದ್ದು. ಐ3-4130 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಹದಿನೆಂಟೂವರೆ ಇಂಚಿನ ಮಾನಿಟರ್. ಹುಡುಗ ಕೇಳಿದ್ದು ಫೋರ್ಜಾ ಹೊರೈಜನ್ 5, ಅಂದರೆ 2021ರ ನವೆಂಬರಿನಲ್ಲಿ ಬಂದ ಕಾರ್ ರೇಸಿನ ಆಟ. ಯಂತ್ರಕ್ಕೂ ಆಟಕ್ಕೂ ನಡುವೆ ಏಳು ವರ್ಷ. ಕಂಪ್ಯೂಟರ್ ಲೋಕದಲ್ಲಿ ಏಳು ವರ್ಷವೆಂದರೆ ಒಂದು ತಲೆಮಾರು.

ಮೊದಲು ಆಟದ ವಿಷಯ. ಡಬ್ಬದ ಶಕ್ತಿ ನೋಡುವ ಮುಂಚೆ ಆಟದ ಮೇಲಿರುವ ವಯಸ್ಸಿನ ಅಂಕಿ ನೋಡಿ. ಯುರೋಪಿನ ಪೆಗಿ ಸಂಸ್ಥೆ ಫೋರ್ಜಾಗೆ ಕೊಟ್ಟಿರುವುದು 3. ಎಂದರೆ ಎಳೆ ಮಕ್ಕಳೂ ಆಡಬಹುದು. ಜಿಟಿಎ 5ಕ್ಕೂ ಸೈಬರ್‌ಪಂಕ್ 2077ಕ್ಕೂ ಕೊಟ್ಟಿರುವುದು 18. ಹದಿನಾಲ್ಕರ ಹುಡುಗ ಹದಿನೆಂಟರ ಆಟ ಕೇಳುತ್ತಿದ್ದರೆ ಆ ಮಾತುಕತೆ ಮನೆಯಲ್ಲೇ ಮುಗಿಯಲಿ. ಅದನ್ನು ನನ್ನ ಕೌಂಟರಿನ ಮುಂದೆ ಶುರು ಮಾಡಬೇಡಿ, ನಾನು ಸಿಕ್ಕಿಹಾಕಿಕೊಳ್ಳುತ್ತೇನೆ.

ಆಟ ಮಾರುವ ಪುಟದಲ್ಲೇ ಎರಡು ಪಟ್ಟಿ ಇರುತ್ತವೆ: ಮಿನಿಮಮ್, ರೆಕಮೆಂಡೆಡ್. ಫೋರ್ಜಾದ ಮಿನಿಮಮ್ ಪಟ್ಟಿ ಹೀಗಿದೆ: ಐ5-4460 ಪ್ರೊಸೆಸರ್, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 970 ಕಾರ್ಡ್, ಡಿಸ್ಕಿನಲ್ಲಿ 110 ಜಿಬಿ ಖಾಲಿ ಜಾಗ. ರೆಕಮೆಂಡೆಡ್ ಪಟ್ಟಿಯಲ್ಲಿ ಐ5-8400, 16 ಜಿಬಿ, ಜಿಟಿಎಕ್ಸ್ 1070. ಮಿನಿಮಮ್ ಇದ್ದರೆ ಆಟ ನಡೆಯುತ್ತದೆ, ಚಿತ್ರದ ಅಂದಚೆಂದ ಬಿಟ್ಟುಕೊಡಬೇಕು. ರೆಕಮೆಂಡೆಡ್ ಇದ್ದರೆ ಆಟ ಮಾಡಿದವರು ಬಯಸಿದ ಹಾಗೆ ಕಾಣುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಮ್ಮ ಜೇಬು ನಿಲ್ಲುತ್ತದೆ. ಹೆಸರು, ನಂಬರು ಅರ್ಥವಾಗದಿದ್ದರೆ ಬೇಜಾರಿಲ್ಲ, ಪಟ್ಟಿಯನ್ನು ಮಗನ ಕೈಲೇ ಒಂದು ಹಾಳೆಯ ಮೇಲೆ ಬರೆಸಿ. ಪಕ್ಕದಲ್ಲಿ ನಿಮ್ಮ ಕಂಪ್ಯೂಟರಿನಲ್ಲಿ ಏನಿದೆ ಎಂಬುದನ್ನೂ ಬರೆಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಭಾಗದಲ್ಲಿ ಎಲ್ಲವೂ ಇದೆ.

ಹಾಳೆ ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಆ ಹುಡುಗನ ಹಾಳೆಯಲ್ಲಿ ಎಲ್ಲ ಸಾಲೂ ಕೊರತೆಯೇ. ಅಪ್ಪನ ಮುಖ ಸಣ್ಣಗಾಯಿತು. ನಾನು ಹೇಳಿದೆ, "ಕೂತ್ಕೊಳ್ಳಿ ಸರ್, ಮೊದಲು ಮುಚ್ಚಳ ಬಿಚ್ಚೋಣ."

ಪ್ರೊಸೆಸರಿನ ಫ್ಯಾನಿನ ಕೆಳಗೆ ಹಳೇ ದಿಂಬಿನ ಹತ್ತಿಯ ಹಾಗೆ ಧೂಳು ಗಟ್ಟಿಕಟ್ಟಿತ್ತು. ಹೀಟ್‌ಸಿಂಕ್ ಎತ್ತಿದರೆ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಾಗಿದೆ. ಬಿಸಿ ನೂರು ಡಿಗ್ರಿಯ ಹತ್ತಿರ ಹೋದರೆ ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. "ಕಂಪ್ಯೂಟರ್ ಸ್ಲೋ ಆಗಿದೆ" ಅನ್ನುವ ದೂರುಗಳಲ್ಲಿ ಎಷ್ಟೋ ಇಷ್ಟಕ್ಕೇ ಮುಗಿಯುತ್ತವೆ. ಬ್ಲೋಯರ್ ಹೊಡೆಸಿ, ಹೊಸ ಪೇಸ್ಟ್ ಹಚ್ಚಿಸಿ. ಖರ್ಚು ಅನ್ನುವಂಥ ಖರ್ಚೇ ಅಲ್ಲ.

ಇನ್ನು ಹಣ ಹಾಕುವ ಮಾತು. ನಾನು ಎಲ್ಲರಿಗೂ ಹೇಳುವುದು ಬಾಡಿಗೆ ಮನೆ ಲೆಕ್ಕ. ಬಾಡಿಗೆ ಮನೆಗೆ ಒಳ್ಳೆಯ ಸೀಲಿಂಗ್ ಫ್ಯಾನ್ ಹಾಕಿಸಿದರೆ, ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಬಹುದು. ಗೋಡೆಗೆ ದುಬಾರಿ ಬಣ್ಣ ಹೊಡೆಸಿದರೆ ಅದು ಓನರಿಗೆ ಬಿಟ್ಟಂತೆ. ಹಳೇ ಕಂಪ್ಯೂಟರ್ ನಿಮಗೆ ಬಾಡಿಗೆ ಮನೆ. ಎರಡು ಮೂರು ವರ್ಷದಲ್ಲಿ ಹೇಗಿದ್ದರೂ ಖಾಲಿ ಮಾಡುತ್ತೀರಿ. ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಗ್ರಾಫಿಕ್ಸ್ ಕಾರ್ಡ್ ಈ ಮೂರೂ ಫ್ಯಾನಿನ ಹಾಗೆ, ಮುಂದಿನ ಕಂಪ್ಯೂಟರಿಗೂ ಬರುತ್ತವೆ. ಹಳೇ ಸಾಕೆಟ್ಟಿನ ಪ್ರೊಸೆಸರ್, ಡಿಡಿಆರ್3 ರ‍್ಯಾಮ್ ಗೋಡೆಯ ಬಣ್ಣ. ಬಣ್ಣ ಬೇಡವೇ ಬೇಡ ಅನ್ನುತ್ತಿಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ, ಅಗ್ಗದಲ್ಲಿ ಮುಗಿಸಿ.

ಎಸ್‌ಎಸ್‌ಡಿ ಮೊದಲು. ಹಳೇ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು ನೂರೈವತ್ತು ಎಂಬಿ ಓದಿದರೆ ಸಾಧಾರಣ ಸಾಟಾ ಎಸ್‌ಎಸ್‌ಡಿ ಐನೂರರ ಮೇಲೆ ಓದುತ್ತದೆ. ಆಟಕ್ಕೆ ಅಷ್ಟೇ ಅಲ್ಲ, ಮನೆಯ ಉಳಿದ ಕೆಲಸಗಳಿಗೂ ಅನುಕೂಲ. 500 ಜಿಬಿಗಿಂತ ಚಿಕ್ಕದು ತೆಗೆದುಕೊಳ್ಳಬೇಡಿ, ಒಂದೇ ಆಟ 110 ನುಂಗುತ್ತದೆ ಅಂದೆನಲ್ಲ.

ರ‍್ಯಾಮ್ ಒಂದೇ ದೊಡ್ಡ ಸ್ಟಿಕ್‌ಗಿಂತ ಸಮನಾದ ಎರಡು ಹಾಕಿದರೆ ಕೆಲಸ ಚುರುಕು. ಡಿಡಿಆರ್3 ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಒತ್ತಿ ಕೂರಿಸಲು ಹೋಗಿ ಸ್ಲಾಟ್ ಮುರಿದುಕೊಂಡು ಬಂದವರನ್ನು ನೋಡಿದ್ದೇನೆ. ಪ್ರೊಸೆಸರ್ ವಿಷಯದಲ್ಲಿ ಒಂದು ಕಸುಬಿನ ಗುಟ್ಟು ಹೇಳುತ್ತೇನೆ. ಆ ಹುಡುಗನ ಯಂತ್ರದಲ್ಲಿ ಇದ್ದದ್ದು ಎಚ್81 ಮದರ್‌ಬೋರ್ಡ್. ಪಟ್ಟಿಯಲ್ಲಿರುವ ಐ5-4460 ಅದೇ ಸಾಕೆಟ್ಟಿನದ್ದೇ, ಆದರೆ ಬೋರ್ಡ್ ಹಳೆಯದಾದರೆ ಬಯಾಸ್ ಅಪ್‌ಡೇಟ್ ಮಾಡದೆ ಎದ್ದೇಳುವುದಿಲ್ಲ. ಅದಕ್ಕಿಂತ ವರ್ಷ ಹಿರಿಯದಾದ ಐ5-4570 ಸುಮ್ಮನೆ ಕೂರಿಸಿದರೆ ಸಾಕು, ವೇಗವೂ ಒಂದು ಕೈ ಮೇಲೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಅದೇ ಸಾದರ ಪತ್ರಪ್ಪ ರಸ್ತೆಯಲ್ಲಿ, ಇಂಥ ಹಳೇ ಪ್ರೊಸೆಸರ್‌ಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟುಕೊಂಡು ಮಾರುತ್ತಾರೆ.

ಈಗ ಎಸ್‌ಎಂಪಿಎಸ್. ಯಾವ ಹುಡುಗನೂ ಇದನ್ನು ಕೇಳಿಕೊಂಡು ಬರುವುದಿಲ್ಲ, ಏಕೆಂದರೆ ಇದರಲ್ಲಿ ಬಣ್ಣದ ದೀಪ ಉರಿಯುವುದಿಲ್ಲ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸಿ ಹಂಚುವ ಕಬ್ಬಿಣದ ಡಬ್ಬಿ ಇದು. ಕ್ಯಾಬಿನೆಟ್ ಜೊತೆಗೇ ಪುಕ್ಕಟೆ ಬಂದಿರುತ್ತದೆ. ಮೇಲೆ '450 ವ್ಯಾಟ್' ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತದೆ. ಅದನ್ನು ನಂಬಬೇಡಿ. ಪಕ್ಕದ ಸಣ್ಣಕ್ಷರದ ಕೋಷ್ಟಕದಲ್ಲಿ +12 ವೋಲ್ಟ್ ಎಂಬ ಮನೆಯ ಕೆಳಗೆ ಎಷ್ಟು ಆಂಪಿಯರ್ ಎಂದು ನೋಡಿ. ಆ ಹುಡುಗನದ್ದರಲ್ಲಿ 14 ಇತ್ತು. ಹದಿನಾಲ್ಕನ್ನು ಹನ್ನೆರಡರಿಂದ ಗುಣಿಸಿದರೆ 168 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಬಹುಪಾಲು ಈ ತಟ್ಟೆಯಲ್ಲೇ. ಐ5-4570ರ ಲೆಕ್ಕ 84 ವ್ಯಾಟ್, ಸ್ಲಾಟಿನಿಂದಲೇ ಕರೆಂಟು ಎಳೆಯುವ ಚಿಕ್ಕ ಕಾರ್ಡ್ 75. ಅಲ್ಲಿಗೇ 159 ಆಯಿತು. ಫ್ಯಾನು, ಡಿಸ್ಕಿಗೆ ಉಳಿದದ್ದು ಎಷ್ಟು ಎಂದು ನೀವೇ ಕಳೆದು ನೋಡಿ.

ಕಸುಬಿಗೆ ಬಂದ ಹೊಸದರಲ್ಲಿ ನಾನು ಈ ಲೆಕ್ಕ ಮಾಡದೆ ಒಬ್ಬರಿಗೆ ಕಾರ್ಡ್ ಹಾಕಿ ಕಳಿಸಿದೆ. ಮೂರನೇ ದಿನ ರಾತ್ರಿ ಆಟದ ಮಧ್ಯೆ ಟಪ್ಪೆಂದು ಸದ್ದು, ಸುಟ್ಟ ವಾಸನೆ. ಎಸ್‌ಎಂಪಿಎಸ್ ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಿತ್ತು. ಎರಡನ್ನೂ ನನ್ನ ಕೈಯಿಂದ ಹಾಕಿಕೊಟ್ಟೆ. ಅವತ್ತಿನಿಂದ ಯಾರದೇ ಎಸ್‌ಎಂಪಿಎಸ್ ಆಗಲಿ, ಮೊದಲು ಕೈಯಲ್ಲಿ ಎತ್ತಿ ತೂಗುತ್ತೇನೆ. ಒಳ್ಳೆಯದು ಇಟ್ಟಿಗೆಯ ಹಾಗೆ ಭಾರ ಇರುತ್ತದೆ, ಪುಕ್ಕಟೆ ಬಂದದ್ದು ಬೆಂಕಿಪೊಟ್ಟಣದ ಹಾಗೆ ಹಗುರ. '80 ಪ್ಲಸ್' ಗುರುತಿರುವ ಹೆಸರುವಾಸಿ ಕಂಪನಿಯದ್ದು ಕೊಳ್ಳಿ, ಸೆಕೆಂಡ್ ಹ್ಯಾಂಡ್ ಬೇಡ. ಕಚೇರಿಗಳಿಂದ ಹರಾಜಾಗಿ ಬಂದ ತೆಳ್ಳನೆಯ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ನಿಮ್ಮದಾಗಿದ್ದರೆ ತೊಡಕು ಜಾಸ್ತಿ. ಅವುಗಳಲ್ಲಿ ಎಷ್ಟೋ ಮಾದರಿಗಳ ಎಸ್‌ಎಂಪಿಎಸ್ ಅಳತೆಯೂ ಪಿನ್ನೂ ಬೇರೆ, ಉದ್ದನೆಯ ಕಾರ್ಡ್ ಒಳಗೆ ಹಿಡಿಸುವುದೂ ಇಲ್ಲ. ಮನೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ನೋಡಿಸಿ.

ಕೊನೆಗೆ ಕಾರ್ಡ್. ಈ ಯಂತ್ರಕ್ಕೆ ನಾನು ಆರಿಸಿದ್ದು ಜಿಟಿಎಕ್ಸ್ 1650, 4 ಜಿಬಿ, ಬೇರೆ ಕರೆಂಟ್ ವೈರು ಬೇಡದ ಮಾದರಿ. ಹೊಸದೇ ಬೇಕೆನ್ನುವವರಿಗೆ 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ಇದೆ, 70 ವ್ಯಾಟ್. ಅದೇ ಹೆಸರಿನ 8 ಜಿಬಿ ಮಾದರಿಗೆ 130 ವ್ಯಾಟ್ ಬೇಕು, ಬೇರೆ ವೈರೂ ಬೇಕು. ಹೆಸರು ಒಂದೇ ಅಂತ ಬಿಲ್ ಮಾಡಿಸಿಬಿಡಬೇಡಿ. ಆರ್‌ಎಕ್ಸ್ 6400 ಅಗ್ಗ, ಕರೆಂಟೂ ಕಡಿಮೆ, ಹುಡುಗರು ಅದನ್ನೂ ತೋರಿಸುತ್ತಾರೆ. ಆದರೆ ಅದು ಮದರ್‌ಬೋರ್ಡಿನ ಜೊತೆ ಮಾತಾಡುವುದು ನಾಲ್ಕೇ ದಾರಿಯಲ್ಲಿ. ಹೊಸ ಬೋರ್ಡಿನಲ್ಲಿ ದಾರಿ ಅಗಲ, ನಡೆದುಹೋಗುತ್ತದೆ. ಎಚ್81ರಂಥ ಹಳೇ ಬೋರ್ಡಿನಲ್ಲಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಜಾಮೇ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಸ್ವಲ್ಪ ಚರಿತ್ರೆ ತಿಳಿದಿರಬೇಕು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ತನ್ನ ಪದ್ಧತಿ ಬದಲಿಸಿತು, ಕಾರ್ಡ್‌ಗಳಿಂದ ಆ ನಾಣ್ಯ ಹುಟ್ಟಿಸುವ ಕೆಲಸ ಅಲ್ಲಿಗೆ ನಿಂತಿತು. ಹಗಲು ರಾತ್ರಿ ದುಡಿದ ಕಾರ್ಡ್‌ಗಳು ರಾಶಿ ರಾಶಿಯಾಗಿ ಸಂತೆಗೆ ಬಂದವು, ಇವತ್ತಿಗೂ ಕೈ ಬದಲಾಯಿಸುತ್ತಿವೆ. ಎಲ್ಲವೂ ಕೆಟ್ಟವಲ್ಲ, ಆದರೆ ಓಡಿಸಿ ನೋಡದೆ ಕೊಳ್ಳಬೇಡಿ. ಅಂಗಡಿಯವರ ಎದುರಿಗೇ ಇಪ್ಪತ್ತು ನಿಮಿಷ ಆಟ ಓಡಿಸಿ, ಫ್ಯಾನಿನ ಸದ್ದಿಗೆ ಕಿವಿಗೊಡಿ. ಜಿಪಿಯು-ಜಡ್ ಎಂಬ ಉಚಿತ ತಂತ್ರಾಂಶವೂ ಇದೆ. ಹಳೇ ಕಾರ್ಡಿಗೆ ಹೊಸ ಹೆಸರು ತುಂಬಿ ಮಾರುತ್ತಿದ್ದರೆ ಅದು ಹೆಸರಿನ ಆರಂಭದಲ್ಲೇ 'ಫೇಕ್' ಎಂದು ತೋರಿಸುತ್ತದೆ. ಒಪ್ಪದ ಅಂಗಡಿಯವರಿಗೆ ಕೈ ಮುಗಿದು ಮುಂದಿನ ಅಂಗಡಿಗೆ ಹೋಗಿ.

ಮಾನಿಟರ್ ಬದಲಿಸಬೇಡಿ ಎಂದರೆ ಹುಡುಗರಿಗೆ ನನ್ನ ಮೇಲೆ ಸಿಟ್ಟು. ಲೆಕ್ಕ ಮಾತ್ರ ನನ್ನ ಕಡೆಗಿದೆ. ಹಳೇ ಮಾನಿಟರ್ 1366ಕ್ಕೆ 768 ಚುಕ್ಕಿಗಳದ್ದು, ಒಟ್ಟು ಹತ್ತೂವರೆ ಲಕ್ಷ. ಫುಲ್ ಎಚ್‌ಡಿಯಲ್ಲಿ ಇಪ್ಪತ್ತು ಲಕ್ಷದ ಮೇಲೆ. ಪ್ರತಿ ಚುಕ್ಕಿಯನ್ನೂ ಕಾರ್ಡು ಸೆಕೆಂಡಿಗೆ ಅರವತ್ತು ಸಲ ಬರೆಯಬೇಕು. ಹಳೇ ಮಾನಿಟರ್ ಉಳಿಸಿಕೊಂಡರೆ ಕಾರ್ಡಿನ ಹೊರೆ ಅರ್ಧಕ್ಕೆ ಇಳಿದಂತೆ. ಹಳೇ ಮಾನಿಟರಿಗೆ ವಿಜಿಎ ಕಿಂಡಿ ಮಾತ್ರ ಇದ್ದರೆ, ಈಗಿನ ಕಾರ್ಡ್‌ಗಳಲ್ಲಿ ಅದಿಲ್ಲದ ಕಾರಣ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಬೇಕು, ಕೆಲವು ನೂರು ರೂಪಾಯಿ.

ಎಲ್ಲಿ ಕೈ ತೊಳೆದುಕೊಳ್ಳಬೇಕು? ಮದರ್‌ಬೋರ್ಡ್ ಬದಲಿಸಬೇಕು ಎಂಬ ಮಾತು ಬಂದ ಕ್ಷಣ. ಬೋರ್ಡ್ ಬದಲಾದರೆ ಪ್ರೊಸೆಸರ್ ಬದಲಾಗುತ್ತದೆ, ರ‍್ಯಾಮ್ ಬದಲಾಗುತ್ತದೆ. ಅದು ಹೊಸ ಕಂಪ್ಯೂಟರ್, ಅಪ್‌ಗ್ರೇಡ್ ಅಲ್ಲ. ಹುಡುಗ ಕೇಳಿದ್ದು ಸೈಬರ್‌ಪಂಕ್ ಆಗಿದ್ದರೆ ನಾನು ಆ ಕ್ಯಾಬಿನೆಟ್ಟನ್ನು ವಾಪಸ್ ಸ್ಕೂಟರಿಗೆ ಏರಿಸುತ್ತಿದ್ದೆ; 2023ರಲ್ಲಿ ಅದರ ಮಿನಿಮಮ್ ಪಟ್ಟಿಯೇ ಐ7-6700, 12 ಜಿಬಿ ರ‍್ಯಾಮ್‌ಗೆ ಏರಿತು. ಇನ್ನೊಂದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳನ್ನು ವಿಂಡೋಸ್ 11, ಒಂದೆರಡು ಅಪವಾದ ಬಿಟ್ಟರೆ, ಒಪ್ಪುವುದಿಲ್ಲ. ಆದ್ದರಿಂದ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತ ಹಳೇ ಯಂತ್ರಕ್ಕೆ ಆಟ ಹಾಕಿದ ಮೇಲೆ ಅದರಲ್ಲಿ ನೆಟ್ ಬ್ಯಾಂಕಿಂಗ್ ಮಾಡಬೇಡಿ, ಫೋನಿನಲ್ಲಿ ಮಾಡಿಕೊಳ್ಳಿ. 'ಕ್ರ್ಯಾಕ್' ಮಾಡಿದ ಆಟವನ್ನಂತೂ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಉಳಿಸಿದ ದುಡ್ಡಿನ ನಾಲ್ಕು ಪಟ್ಟು ಪಾಸ್‌ವರ್ಡ್ ಜೊತೆ ಹೋಗಬಹುದು.

ಲ್ಯಾಪ್‌ಟಾಪ್ ಇರುವವರಿಗೆ ಹೇಳುವುದು ಸ್ವಲ್ಪವೇ. ಎಸ್‌ಎಸ್‌ಡಿ ಹಾಕಿಸಬಹುದು, ಮಾದರಿ ನೋಡಿ ರ‍್ಯಾಮ್ ಹೆಚ್ಚಿಸಬಹುದು. ಗ್ರಾಫಿಕ್ಸ್ ಬದಲಿಸಲು ಸಾಧಾರಣವಾಗಿ ಆಗುವುದಿಲ್ಲ.

ಆಟವನ್ನು ಎಲ್ಲ ಜೋಡಣೆ ಮುಗಿದ ಮೇಲೆ ಕೊಳ್ಳಿ. ಸ್ಟೀಮ್‌ನಲ್ಲಿ ಕೊಂಡರೆ, ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಫೋರ್ಜಾದ ಒಳಗೇ ಬೆಂಚ್‌ಮಾರ್ಕ್ ಎಂಬ ಪರೀಕ್ಷೆ ಇದೆ. ಅದನ್ನು ಮೊದಲು ಓಡಿಸಿದರೆ ಕೊರತೆ ಪ್ರೊಸೆಸರಿನದೋ ಕಾರ್ಡಿನದೋ ಎಂಬುದೂ ಗೊತ್ತಾಗುತ್ತದೆ. ಆ ಹುಡುಗನ ಯಂತ್ರ ಮೀಡಿಯಂ ಸೆಟ್ಟಿಂಗಿನಲ್ಲಿ ತಡವರಿಸದೆ ಓಡಿತು. ಸ್ಕ್ರೂ ಬಿಗಿಯುವ ಕೆಲಸವನ್ನು ಅವನ ಕೈಯಲ್ಲೇ ಮಾಡಿಸಿದೆ; ಅಪ್ಪ ಟಾರ್ಚ್ ಹಿಡಿದಿದ್ದರು.

ನೀವೂ ಬರುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಬನ್ನಿ, ಬರೆಸಿದ ಹಾಳೆ ಮರೆಯಬೇಡಿ. ಮಾನಿಟರ್ ಹೊತ್ತು ತರುವುದು ಬೇಡ, ಅಂಗಡಿಯಲ್ಲಿ ಇದೆ.